ದೇವರ ಆಜ್ಞೆಗೆ ಅವಧಿ ಇದೆಯೇ?

(ಬೆಳಗಾವಿಯಲ್ಲಿ ವೇದಪಾಠದ (ಬೈಬಲ್ ಪಾಠದ) ಶಿಕ್ಷಕರು ಮತ್ತು ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಭಾಗ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರ.)

ಎಲ್ಲರಿಗೂ ನಮಸ್ಕಾರ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಕ್ರೈಸ್ತ ಸಭೆಗಳಲ್ಲಿ ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಪಾಠ ನಡೆದಾಗಲೆಲ್ಲ ಮೂರು ಪ್ರಶ್ನೆ ಏಳುತ್ತವೆ. "ಹಂದಿ ಮಾಂಸ ಬ್ಯಾಡಂತ ಬರದೈತಿ, ತಿಂದ್ರ ತಪ್ಪೇನ್ರಿ?" "ಶನಿವಾರದ ಸಬ್ಬತ್ತು ಐತವಾರಕ್ಕ ಹೆಂಗ ಬಂತು?" (ಸಬ್ಬತ್ತು ಎಂದರೆ ವಾರದ ವಿಶ್ರಾಂತಿಯ ದಿನ.) "ಪಗಾರದಾಗ ಹತ್ತನೇ ಪಾಲು ಕೊಡಲೇಬೇಕೇನ್ರಿ?" ಮೂರರ ಬೇರೂ ಒಂದೇ. ದೇವರು ಕೊಟ್ಟ ಆಜ್ಞೆ ಎಂದ ಮೇಲೆ ಅದು ಎಂದೆಂದಿಗೂ ಎಲ್ಲರಿಗೂ ಅನ್ವಯಿಸಬೇಕಲ್ಲವೇ? ಅನ್ವಯಿಸುವುದಿಲ್ಲ ಎನ್ನುವುದಾದರೆ ಯಾರ ಅಪ್ಪಣೆಯಿಂದ?

ಉತ್ತರಕ್ಕೆ ಹೋಗುವ ಮುಂಚೆ ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಕೊಟ್ಟ ಕೆಲಸ ಮುಗಿದು ತಾನಾಗಿ ತೀರಿಹೋದ ಆಜ್ಞೆ. ಎರಡು, ರದ್ದಾಗದಿದ್ದರೂ ಪಾಲಿಸಲು ಬೇಕಾದ ಸ್ಥಳವೋ ಸಾಧನವೋ ಇಲ್ಲದ್ದರಿಂದ ತಡೆದು ನಿಂತಿರುವ ಆಜ್ಞೆ. ಮೂರು, ಹೊಸ ಒಡಂಬಡಿಕೆಯ ಬೋಧನೆಯಿಂದಾಗಿ ತಮಗೆ ಅದರ ಹಂಗಿಲ್ಲ ಎಂದು ಕ್ರೈಸ್ತರು ನಂಬುವ ಆಜ್ಞೆ. ಮೊದಲ ಎರಡು ಯೆಹೂದ್ಯರಿಗೂ ಒಪ್ಪಿಗೆ. ಮೂರನೆಯದರಲ್ಲಿ ಅವರೂ ಕ್ರೈಸ್ತರೂ ಬೇರೆಯಾಗುತ್ತಾರೆ. ನಮ್ಮ ಚರ್ಚೆಗಳು ದಾರಿ ತಪ್ಪುವುದು ಈ ಮೂರನ್ನೂ ಒಂದೇ ಗಂಟು ಕಟ್ಟಿ "ಹಳೇದೆಲ್ಲ ಹೋತು" ಎಂದೋ "ಹಳೇದೆಲ್ಲ ಐತಿ" ಎಂದೋ ಹೇಳುವುದರಿಂದ.

ಮೊದಲನೆಯದಕ್ಕೆ ಸ್ಪಷ್ಟ ಉದಾಹರಣೆ ತಾಮ್ರದ ಸರ್ಪ. ಬೈಬಲಿನ ಅರಣ್ಯಕಾಂಡ 21:8ರಲ್ಲಿ ಇಸ್ರಾಯೇಲರ ನಾಯಕ ಮೋಶೆಗೆ ನೇರ ಆಜ್ಞೆಯಿದೆ: ಸರ್ಪವನ್ನು ಮಾಡಿಸಿ ಕಂಬದ ಮೇಲೆ ಏರಿಸು, ಹಾವಿನಿಂದ ಕಚ್ಚಿಸಿಕೊಂಡವರು ನೋಡಿ ಬದುಕಲಿ. ಅಂದಿನ ಕೆಲಸ ಅಂದೇ ಮುಗಿಯಿತು, ವಸ್ತು ಉಳಿಯಿತು. ಶತಮಾನಗಳಾದ ಮೇಲೆ ಜನ ಅದಕ್ಕೆ ಧೂಪ ಹಾಕುತ್ತಿದ್ದರು. ಅರಸನಾದ ಹಿಜ್ಕೀಯನು ಅದನ್ನು ಒಡೆದು ಚೂರು ಮಾಡಿದ (2 ಅರಸುಗಳು 18:4), ಗ್ರಂಥ ಅವನನ್ನು ಹೊಗಳಿತು. ದೇವರೇ ಮಾಡಿಸೆಂದ ವಸ್ತು ಅದು ಎಂದು ಯಾರೂ ತಕರಾರು ತೆಗೆದಂತೆ ಕಾಣುವುದಿಲ್ಲ. ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನದ ಕಟ್ಟಳೆಯೂ ಹೀಗೆಯೇ. ತಲೆಗೆ ಒಂದು ಓಮರ್ ಅಳತೆ, ಮರುದಿನಕ್ಕೆ ಉಳಿಸಬಾರದು, ಆರನೆಯ ದಿನ ಮಾತ್ರ ಎರಡು ಪಾಲು. ಉಳಿಸಿದವರದು ಹುಳ ಬಿದ್ದು ನಾರಿತು. ಕಾನಾನ್ ನಾಡಿನ ಬೆಳೆ ಬಾಯಿಗೆ ಬಂದ ಮರುದಿನ ಮನ್ನ ನಿಂತಿತು (ಯೆಹೋಶುವ 5:12), ಅದರ ಕಟ್ಟಳೆಯೂ ಅಲ್ಲಿಗೇ ಮುಗಿಯಿತು.

ಯೆಹೂದ್ಯ ಸಂಪ್ರದಾಯದಲ್ಲಿ ಒಟ್ಟು ಆಜ್ಞೆಗಳು 613 ಎಂಬ ಲೆಕ್ಕವಿದೆ: ಮಾಡಬೇಕಾದವು 248, ಮಾಡಬಾರದವು 365. ರಬ್ಬಿಗಳ (ಯೆಹೂದ್ಯ ಧರ್ಮಗುರುಗಳ) ಚರ್ಚೆಗಳ ಸಂಗ್ರಹವಾದ ತಾಲ್ಮೂದಿನಲ್ಲಿ ಇದು ರಬ್ಬಿ ಸಿಮ್ಲಾಯಿ ಅವರ ಮಾತು. ಯಾವ ಯಾವ ಆಜ್ಞೆ ಸೇರಿ 613 ಎಂಬುದಕ್ಕೆ ಅಲ್ಲಿ ಪಟ್ಟಿಯಿಲ್ಲ. 12ನೇ ಶತಮಾನದಲ್ಲಿ ಪಟ್ಟಿ ಮಾಡಹೊರಟ ಯೆಹೂದ್ಯ ಪಂಡಿತ ಮೈಮೊನಿದೆಸ್ ಮೊದಲು 14 ಸೂತ್ರಗಳನ್ನು ಹಾಕಿಕೊಂಡರು. ಮೂರನೆಯ ಸೂತ್ರ ನಮ್ಮ ಇಂದಿನ ವಿಷಯವೇ: ತಲೆಮಾರುಗಳಿಗೆ ಅನ್ವಯಿಸದ ಆಜ್ಞೆಯನ್ನು ಎಣಿಕೆಗೆ ತೆಗೆದುಕೊಳ್ಳಬಾರದು. ಆರಾಧನೆಯ ಸೇವೆಗಿದ್ದ ಕುಲದವರಾದ ಲೇವಿಯರು 50 ವರ್ಷಕ್ಕೆ ಕೆಲಸ ಬಿಡಬೇಕೆಂಬ ಮಾತನ್ನು (ಅರಣ್ಯಕಾಂಡ 8:25) ಅವರು ಇದೇ ಕಾರಣಕ್ಕೆ ಬಿಟ್ಟರು. ಆರಾಧನೆಯ ಗುಡಾರವನ್ನು ಹೆಗಲ ಮೇಲೆ ಹೊರುವ ಕಾಲಕ್ಕೆ ಹೇಳಿದ ಮಾತದು. ಬೈಬಲೂ ಇದಕ್ಕೆ ಒತ್ತು ಕೊಡುತ್ತದೆ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕ 23ರಲ್ಲಿ ದಾವೀದನು ಲೇವಿಯರ ಸೇವೆಯನ್ನು 20ನೇ ವಯಸ್ಸಿನಿಂದ ಎಣಿಸುತ್ತಾನೆ. ಇನ್ನು ಮುಂದೆ ಗುಡಾರವನ್ನು ಹೊರಬೇಕಾಗಿಲ್ಲ ಎಂಬ ಕಾರಣವನ್ನೂ ಕೊಡುತ್ತಾನೆ. ಅರಣ್ಯಕಾಂಡ 4ರಲ್ಲಿ ಅದು 30, 8ರಲ್ಲಿ 25.

"ಅದೆಲ್ಲ ಸರಿ, ಆದರೆ 'ತಲತಲಾಂತರಕ್ಕೂ ಶಾಶ್ವತನಿಯಮ' ಎಂದು ಸ್ಪಷ್ಟವಾಗಿ ಬರೆದಿರುವ ಕಡೆ ಏನು ಹೇಳುತ್ತೀರಿ?" ಎಂದು ಕೇಳಬಹುದು. ಬಹಳ ಮಂದಿ ಎಡವುವುದು ಇಲ್ಲಿಯೇ. ಆ ಮುದ್ರೆಯೊಂದೇ ಸಾಲದು. ಯಾಜಕಕಾಂಡ 17:3-7 ತೆಗೆದು ನೋಡಿ. ಹೋರಿ, ಕುರಿ, ಆಡು ಯಾವುದನ್ನು ಕೊಯ್ದರೂ ದೇವದರ್ಶನದ ಗುಡಾರದ ಬಾಗಿಲಿಗೆ ತರಬೇಕು. ತರದವನು ರಕ್ತ ಸುರಿಸಿದ ಅಪರಾಧಿ. ಕೊನೆಗೆ ಶಾಶ್ವತನಿಯಮದ ಮುದ್ರೆಯೂ ಇದೆ. ಧರ್ಮೋಪದೇಶಕಾಂಡ 12:15 ಮತ್ತು 20-21ಕ್ಕೆ ಬನ್ನಿ. ನಾಡು ವಿಸ್ತಾರವಾಗಿ ಆರಾಧನೆಯ ಸ್ಥಳ ದೂರವಾದಾಗ ನಿಮ್ಮ ಊರಲ್ಲೇ ಕೊಯ್ದು ತಿನ್ನಬಹುದು, ರಕ್ತವನ್ನು ಮಾತ್ರ ನೀರಿನಂತೆ ನೆಲಕ್ಕೆ ಸುರಿಯಬೇಕು. ಪಾಳೆಯದಲ್ಲಿ ಎಲ್ಲರೂ ಗುಡಾರದ ಸುತ್ತ ಇದ್ದಾಗ ನಡೆಯುವ ಕಟ್ಟಳೆ, ಮೂರು ದಿನದ ದಾರಿಯ ಆಚೆ ಹೊಲ ಮಾಡುವವನಿಗೆ ನಡೆಯದು. ಎರಡೂ ಕಡೆ ಸಂಬಂಧ ಹೇಗೆ ಎಂಬುದರ ಬಗ್ಗೆ ರಬ್ಬಿಗಳಲ್ಲೇ ಭಿನ್ನಾಭಿಪ್ರಾಯವಿತ್ತು. ಯಾಜಕಕಾಂಡದ ಮಾತು ಯಜ್ಞದ ಪ್ರಾಣಿಗಷ್ಟೇ ಎಂದವರಿದ್ದರು, ಅರಣ್ಯದಲ್ಲಿ ಎಲ್ಲ ಮಾಂಸಕ್ಕೂ ಇತ್ತು ಎಂದವರೂ ಇದ್ದರು. ಯಾವ ಓದನ್ನು ಹಿಡಿದರೂ, ಮುದ್ರೆ ಕಂಡ ಕೂಡಲೇ ತೀರ್ಪು ಕೊಡಲಾಗದು ಎಂಬುದಂತೂ ನಿಜ.

ಐಗುಪ್ತದಿಂದ (ಈಜಿಪ್ಟಿನಿಂದ) ಬಿಡುಗಡೆಯಾದ ನೆನಪಿನ ಹಬ್ಬವಾದ ಪಸ್ಕವೂ ಹಾಗೆಯೇ. ವಿಮೋಚನಕಾಂಡ 12ರ ಪ್ರಕಾರ ಹತ್ತನೆಯ ದಿನ ಕುರಿಮರಿಯನ್ನು ಆರಿಸಿ, ಹದಿನಾಲ್ಕನೆಯ ದಿನದವರೆಗೆ ಇಟ್ಟುಕೊಂಡು, ಕೊಯ್ದು, ಹಿಸ್ಸೋಪ್ ಗಿಡದ ಕಂತೆಯಿಂದ ರಕ್ತವನ್ನು ಬಾಗಿಲ ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಿ, ನಡು ಕಟ್ಟಿ, ಕೆರ ಮೆಟ್ಟಿ, ಕೋಲು ಹಿಡಿದು ಅವಸರದಲ್ಲಿ ತಿನ್ನಬೇಕು. ಬೆಳಗಾಗುವ ತನಕ ಯಾರೂ ಹೊರಗೆ ಕಾಲಿಡಬಾರದು. ಅದೇ ಅಧ್ಯಾಯ ಇದನ್ನು ಶಾಶ್ವತನಿಯಮ ಎನ್ನುತ್ತದೆ. ಆದರೆ ರಬ್ಬಿಗಳ ಹಳೆಯ ಕಟ್ಟಳೆಗಳ ಸಂಗ್ರಹವಾದ ಮಿಷ್ನಾದ ಪೆಸಾಹೀಮ್ ಭಾಗ 9:5 ಐಗುಪ್ತದ ಪಸ್ಕ ಬೇರೆ, ತಲೆಮಾರುಗಳ ಪಸ್ಕ ಬೇರೆ ಎಂದು ವಿಂಗಡಿಸುತ್ತದೆ. ಹತ್ತನೆಯ ದಿನ ಆರಿಸುವುದು, ರಕ್ತ ಹಚ್ಚುವುದು, ಅವಸರದಲ್ಲಿ ತಿನ್ನುವುದು ಆ ಒಂದು ರಾತ್ರಿಗೆ ಮಾತ್ರ. ಹುಳಿಯಿಲ್ಲದ ರೊಟ್ಟಿಯ ಏಳು ದಿನ ಎಲ್ಲ ತಲೆಮಾರಿಗೆ. ಅಂದರೆ ಒಂದೇ ಆಜ್ಞೆಯೊಳಗೆ ಕೆಲವು ಭಾಗ ತಾತ್ಕಾಲಿಕ, ಕೆಲವು ಕಾಯಂ. "ಈ ಆಜ್ಞೆ ಇದೆಯೋ ಇಲ್ಲವೋ" ಎಂದು ಕೇಳುವುದಕ್ಕಿಂತ "ಇದರಲ್ಲಿ ಯಾವ ಭಾಗ ಇದೆ" ಎಂದು ಕೇಳುವುದು ಲೇಸು.

ಎರಡನೆಯ ಬಗೆಗೆ ಬರೋಣ, ತಡೆದು ನಿಂತ ಆಜ್ಞೆಗಳು. ದಿನಕ್ಕೆ ಎರಡು ಕುರಿಮರಿ, ಒಂದೊಂದಕ್ಕೂ ಎಫಾದ ಹತ್ತನೇ ಒಂದು ಪಾಲು ಹಿಟ್ಟು, ಕಾಲು ಹಿನ್ ಎಣ್ಣೆ, ಕಾಲು ಹಿನ್ ದ್ರಾಕ್ಷಾರಸ: ಎಫಾ, ಹಿನ್ ಎಂಬ ಅಂದಿನ ಮಾನದಲ್ಲಿ ಇದು ನಿತ್ಯ ಯಜ್ಞದ ಅಳತೆ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಇದು ನಿಂತಿತು. ಯೆಹೂದ್ಯರ ಪ್ರಕಾರ ಆಜ್ಞೆ ಸತ್ತಿಲ್ಲ, ಬಲಿಪೀಠವಿಲ್ಲ. ಆ ಹೊತ್ತುಗಳಲ್ಲಿ ಪ್ರಾರ್ಥನೆ ಅದರ ಸ್ಥಾನದಲ್ಲಿದೆ. ನಾಡಿಗೆ ಅಂಟಿದ ಆಜ್ಞೆಗಳೂ ಇವೆ. ಏಳನೆಯ ವರ್ಷ ಹೊಲ ಬೀಳು ಬಿಡುವುದು, ದಶಮಾಂಶ, ಪ್ರಥಮಫಲ ಇವೆಲ್ಲ ಇಸ್ರಾಯೇಲ್ ನಾಡಿನ ನೆಲಕ್ಕೆ. ಇನ್ನು ಕೆಲವಕ್ಕೆ ಅನ್ವಯಿಸುವ ಜನರೇ ಉಳಿದಿಲ್ಲ. ನೆರೆಯ ಜನಾಂಗವಾದ ಅಮ್ಮೋನಿಯರು ಸಭೆಗೆ ಸೇರಬಾರದೆಂಬ ನಿಯಮವಿದ್ದರೂ, ಅಶ್ಶೂರದ ಅರಸ ಸನ್ಹೇರೀಬನು ಜನಾಂಗಗಳನ್ನು ಕಲಸಿಬಿಟ್ಟ ಮೇಲೆ ಯಾರು ಅಮ್ಮೋನಿಯ ಎಂದು ಹೇಳಲಾಗದು ಎಂಬ ವಾದದ ಮೇಲೆ ಒಬ್ಬನನ್ನು ಒಳಗೆ ಸೇರಿಸಿಕೊಂಡ ಪ್ರಕರಣ ಮಿಷ್ನಾದಲ್ಲಿದೆ. ನಿಯಮ ಪುಸ್ತಕದಲ್ಲಿ ಹಾಗೆಯೇ ಇದೆ, ಹಿಡಿಯಲು ಆಸಾಮಿ ಇಲ್ಲ.

ಇವನ್ನೆಲ್ಲ ಕಳೆದು ಉಳಿದದ್ದೆಷ್ಟು? 1933ರಲ್ಲಿ ತೀರಿಕೊಂಡ ರಬ್ಬಿ ಇಸ್ರಾಯೇಲ್ ಮೇಯರ್ ಕಾಗನ್ ಮಾಡಿದ ಲೆಕ್ಕವಿದೆ. ದೇವಾಲಯವಿಲ್ಲದ ಈ ಕಾಲದಲ್ಲಿ ಎಲ್ಲ ಕಡೆಯ ಯೆಹೂದ್ಯರಿಗೆ ಅನ್ವಯಿಸುವವು ಮಾಡಬೇಕಾದವು 77, ಮಾಡಬಾರದವು 194. ಇಸ್ರಾಯೇಲ್ ನಾಡಿನಲ್ಲಷ್ಟೇ ನಡೆಯುವವು ಇನ್ನೂ 26. ಎಲ್ಲ ಕೂಡಿಸಿದರೂ 297. ಒಂದಕ್ಷರವೂ ಬದಲಾಗದು ಎಂದು ನಂಬುವವರ ಲೆಕ್ಕದಲ್ಲೇ ಅರ್ಧಕ್ಕಿಂತ ಕಡಿಮೆ ಆಜ್ಞೆಗಳು ಬಳಕೆಯಲ್ಲಿವೆ. ಇದನ್ನು ಗಮನಿಸದೆ "ಅವರು ಎಲ್ಲವನ್ನೂ ಪಾಲಿಸುತ್ತಾರೆ, ನಾವು ಯಾವುದನ್ನೂ ಪಾಲಿಸುವುದಿಲ್ಲ" ಎನ್ನುವುದು ಎರಡೂ ಕಡೆ ತಪ್ಪು.

ಈಗ ಕ್ರೈಸ್ತರ ವಿಂಗಡಣೆ. 13ನೇ ಶತಮಾನದ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಅದನ್ನು ಗಟ್ಟಿಮಾಡಿದರು: ನೀತಿಯ ಆಜ್ಞೆ, ಆರಾಧನಾ ವಿಧಿಯ ಆಜ್ಞೆ, ನ್ಯಾಯಾಡಳಿತದ ಆಜ್ಞೆ. ಮೊದಲನೆಯದು ಕಾಯಂ, ಎರಡನೆಯದು ಕ್ರಿಸ್ತನಲ್ಲಿ ಮುಗಿಯಿತು, ಮೂರನೆಯದು ಆ ರಾಜ್ಯದ ಜೊತೆ ಹೋಯಿತು. ಇಂಗ್ಲೆಂಡಿನ ಪ್ರಾಟೆಸ್ಟಂಟರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವೂ ಹೀಗೆಯೇ ವಿಂಗಡಿಸಿ, ನ್ಯಾಯಾಡಳಿತದ ಕಟ್ಟಳೆಗಳ ಹಿಂದಿರುವ ಸಾಮಾನ್ಯ ನ್ಯಾಯ ಮಾತ್ರ ಉಳಿಯುತ್ತದೆ ಎಂದು ಸೇರಿಸಿತು. ಪಾಠ ಹೇಳಲು ಇದು ಅನುಕೂಲ. ಆದರೆ ಗ್ರಂಥದಲ್ಲಿ ಈ ಮೂರು ಕಪಾಟುಗಳಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಯೇ ಕಲಿಸಬೇಕು. ಯಾಜಕಕಾಂಡ 19ನೇ ಅಧ್ಯಾಯವೊಂದೇ ಸಾಕು. 18ನೇ ವಚನ "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಎಂಬ ಅರ್ಥದ್ದು. ಅದರ ಬೆನ್ನಿಗೇ 19ನೇ ವಚನ ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬೇಡ, ಎರಡು ಬಗೆಯ ನೂಲಿನ ಬಟ್ಟೆ ತೊಡಬೇಡ ಎನ್ನುತ್ತದೆ. ಮುಂದೆ ಗಡ್ಡದ ಅಂಚು, ಹಚ್ಚೆ, ಮುದುಕರ ಮುಂದೆ ಎದ್ದು ನಿಲ್ಲುವುದು, ಸರಿಯಾದ ತಕ್ಕಡಿ. ಯಾವುದು ಯಾವ ಕಪಾಟಿಗೆ ಎಂದು ಬರೆದವರು ಹೇಳಿಲ್ಲ, ಓದುವವರು ಇಡುತ್ತಾರೆ.

(ಬಟ್ಟೆಯ ಮಾತು ಬಂದದ್ದರಿಂದ: ಮಿಷ್ನಾದ ಪ್ರಕಾರ ಈ ನಿಷೇಧ ಕುರಿಯ ಉಣ್ಣೆ ಮತ್ತು ನಾರಗಸೆಯ (ಲಿನನ್) ನೂಲು ಕೂಡಿಸುವುದಕ್ಕಷ್ಟೇ. ಹತ್ತಿಯೂ ರೇಷ್ಮೆಯೂ ಕೂಡಿದ ಇಳಕಲ್ ಸೀರೆಗೆ ಅತಿ ಕಟ್ಟುನಿಟ್ಟಿನ ರಬ್ಬಿಯ ತಕರಾರೂ ಇಲ್ಲ.)

ಕಪಾಟಿನ ಬದಲು ನಾವು ಪ್ರಶ್ನೆಗಳನ್ನು ಇಟ್ಟುಕೊಳ್ಳಬಹುದು. ಇದನ್ನು ಯಾರಿಗೆ ಹೇಳಿದ್ದು: ಒಬ್ಬನಿಗೋ, ಇಸ್ರಾಯೇಲಿಗೋ, ಜಲಪ್ರಳಯದಲ್ಲಿ ಉಳಿದ ನೋಹನ ಮೂಲಕ ಎಲ್ಲ ಮನುಷ್ಯರಿಗೋ? ಪಾಲಿಸಲು ಏನು ಬೇಕು: ದೇವಾಲಯ, ಯಾಜಕ, ಆ ನಾಡಿನ ನೆಲ? ಕಾರಣ ಕೊಟ್ಟಿದೆಯೇ, ಆ ಕಾರಣ ಇನ್ನೂ ಇದೆಯೇ? ಮುಂದಿನ ಗ್ರಂಥಭಾಗ ಅದನ್ನು ಮತ್ತೆ ಎತ್ತಿದೆಯೇ, ತಿದ್ದಿದೆಯೇ, ಬಿಟ್ಟಿದೆಯೇ? ಈ ಕ್ರಮ ಮುಖ್ಯ. ಕೊನೆಯ ಪ್ರಶ್ನೆಯಿಂದ ಶುರುಮಾಡಿದರೆ ನಮಗೆ ಬೇಕಾದ ವಚನ ಸಿಕ್ಕ ಕೂಡಲೇ ನಿಂತುಬಿಡುತ್ತೇವೆ.

ಈ ಪ್ರಶ್ನೆಗಳಿಗೂ ಬಗ್ಗದ ಪ್ರಕರಣ ಒಂದಿದೆ, ಅದರ ಮೇಲೆ ಸ್ವಲ್ಪ ನಿಲ್ಲಬೇಕು. ಅದು ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 15. ಅನ್ಯಜನರಿಂದ (ಯೆಹೂದ್ಯರಲ್ಲದವರಿಂದ) ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಡ ಎಂದು ಯೆರೂಸಲೇಮಿನ ಸಭೆ ತೀರ್ಮಾನಿಸಿತು. ಆದರೆ ನಾಲ್ಕನ್ನು ಬಿಡಿರಿ ಎಂದು ಪತ್ರ ಬರೆಯಿತು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಈ ನಾಲ್ಕೂ ಯಾಜಕಕಾಂಡ 17 ಮತ್ತು 18ರಲ್ಲಿ ಇಸ್ರಾಯೇಲರ ನಡುವೆ ಇಳಿದುಕೊಂಡ ಪರದೇಶಿಗೂ ಹೇಳಿದ ನಿಯಮಗಳಿಗೆ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಹೊಂದುತ್ತವೆ. ಹಾಗಾಗಿ ಇದು ಯೆಹೂದ್ಯರೂ ಅನ್ಯರೂ ಒಂದೇ ಪಂಕ್ತಿಯಲ್ಲಿ ಉಣ್ಣಲು ಮಾಡಿದ ಏರ್ಪಾಡು ಎಂದು ಬಹಳ ವಿದ್ವಾಂಸರು ಓದುತ್ತಾರೆ.

ಆದರೆ ಕ್ರೈಸ್ತರು ಇದನ್ನು ಶತಮಾನಗಟ್ಟಲೆ ಅಕ್ಷರಶಃ ಪಾಲಿಸಿದರು. 177ರಲ್ಲಿ ಲಿಯಾನ್ ಪಟ್ಟಣದ ಹಿಂಸೆಯಲ್ಲಿ, ಕ್ರೈಸ್ತರು ಮಕ್ಕಳನ್ನು ತಿನ್ನುತ್ತಾರೆಂಬ ಆರೋಪಕ್ಕೆ ಬಿಬ್ಲಿಸ್ ಎಂಬ ಸ್ತ್ರೀ ಕೊಟ್ಟ ಉತ್ತರ ದಾಖಲಾಗಿದೆ: ಪ್ರಾಣಿಯ ರಕ್ತವನ್ನೂ ಮುಟ್ಟದವರು ಮಕ್ಕಳನ್ನು ತಿನ್ನುವುದು ಹೇಗೆ? ಸಭೆಯ ಆದಿಕಾಲದ ಲೇಖಕ ತೆರ್ತುಲಿಯನ್ ಕೂಡ ಇದೇ ವಾದ ಹೂಡಿದರು. ಸುಮಾರು 400ರ ಹೊತ್ತಿಗೆ ಬಿಷಪ್ ಅಗಸ್ತೀನ್ ಬರೆಯುವಾಗ ಪಶ್ಚಿಮದಲ್ಲಿ ಇದು ಸಡಿಲವಾಗಿತ್ತು. ಕುತ್ತಿಗೆ ಮುರಿದ ಮೊಲವನ್ನು ಈಗ ಯಾರು ಬಿಡುತ್ತಾರೆ, ಬಿಟ್ಟವನನ್ನು ಉಳಿದವರು ನಗುತ್ತಾರೆ ಎಂಬ ಅರ್ಥದಲ್ಲಿ ಅವರು ಬರೆದರು. ಪೂರ್ವದ ಸಭೆ 692ರ ತ್ರುಲ್ಲೋ ಪರಿಷತ್ತಿನ 67ನೇ ನಿಯಮದಲ್ಲಿ ರಕ್ತದ ಅಡುಗೆಯನ್ನು ಮತ್ತೆ ನಿಷೇಧಿಸಿತು. ಪಶ್ಚಿಮದಲ್ಲಿ ಫ್ಲಾರೆನ್ಸ್ ಪರಿಷತ್ತು 1442ರಲ್ಲಿ ಉಲ್ಟಾ ಹೇಳಿತು: ಯೆಹೂದ್ಯರೂ ಅನ್ಯರೂ ಕೂಡುವ ಕಾಲಕ್ಕೆ ಆ ನಿಷೇಧ ತಕ್ಕದ್ದಾಗಿತ್ತು, ಕಾರಣ ಹೋದ ಮೇಲೆ ನಿಷೇಧವೂ ಹೋಯಿತು. ಇಷ್ಟಾದರೂ ವಿಷಯ ಮುಗಿಯಲಿಲ್ಲ. ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು 1945ರಿಂದ ಇದೇ ವಚನದ ಆಧಾರದ ಮೇಲೆ ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಳ್ಳುವುದನ್ನೂ ನಿರಾಕರಿಸುತ್ತಾರೆ.

ತೊಡಕು ಎಲ್ಲಿದೆ ನೋಡಿ. ಪತ್ರದಲ್ಲಿ ನಾಲ್ಕೂ ಒಂದೇ ಸಾಲಿನಲ್ಲಿವೆ. ಪಶ್ಚಿಮದ ಸಭೆಗಳು ಹಾದರವನ್ನು ಕಾಯಂ ನಿಷೇಧವೆಂದು ಇಟ್ಟುಕೊಂಡು ರಕ್ತವನ್ನು ಬಿಟ್ಟವು. ಬಿಡುವುದಕ್ಕೆ ಆಧಾರ ಆ ಪತ್ರದಲ್ಲಿಲ್ಲ, ಹೊರಗಿದೆ. ಹಾದರದ ನಿಷೇಧವನ್ನು ಅಪೊಸ್ತಲ ಪೌಲನು ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಎತ್ತುತ್ತಾನೆ, ರಕ್ತದ್ದನ್ನು ಎತ್ತುವುದೇ ಇಲ್ಲ. ಆದರೆ ಎದುರು ಪಕ್ಷಕ್ಕೂ ಗಟ್ಟಿ ಆಧಾರವಿದೆ. ರಕ್ತದ ನಿಷೇಧ ಆದಿಕಾಂಡ 9:4ರಲ್ಲಿ ನೋಹನಿಗೆ, ಅಂದರೆ ಇಡೀ ಮಾನವಕುಲಕ್ಕೆ ಕೊಟ್ಟದ್ದು. ನಮ್ಮ ಅಭಿಪ್ರಾಯದಲ್ಲಿ ಫ್ಲಾರೆನ್ಸಿನ ವಾದ ಸರಿ, ಆದರೆ ಸುಲಭವಲ್ಲ. ಸುಲಭ ಎಂದುಕೊಂಡು ಹೇಳುವವರು ನೋಹನ ವಚನವನ್ನು ಓದಿಲ್ಲ.

ಜಾತ್ರೆಯ ನೈವೇದ್ಯದ ವಿಷಯ ನಮ್ಮ ಊರುಗಳಲ್ಲಿ ದಿನದ ಪ್ರಶ್ನೆಯಾದ್ದರಿಂದ ಇಷ್ಟು ಹೇಳಬೇಕು. 1 ಕೊರಿಂಥ 10:25-28ರಲ್ಲಿ ಪೌಲನ ಸೂಚನೆ ತೀರ ವ್ಯಾವಹಾರಿಕ. ಪೇಟೆಯಲ್ಲಿ ಮಾರುವ ಮಾಂಸವನ್ನು ವಿಚಾರಿಸದೆ ಕೊಳ್ಳಿರಿ. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ತಿನ್ನಿರಿ. ಇದು ಅರ್ಪಿಸಿದ್ದು ಎಂದು ಯಾರಾದರೂ ಎತ್ತಿ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿರಿ. ದೇವರ ಗುಡಿಯ ಪಂಕ್ತಿಯಲ್ಲಿ ಕೂರುವುದನ್ನು ಅವನು ಬೇರೆ ಇಟ್ಟು ಬೇಡವೆನ್ನುತ್ತಾನೆ. ಹೀಗೆ ಒಂದೇ ನಿಷೇಧ ಪೇಟೆಯಲ್ಲಿ, ಮನೆಯಲ್ಲಿ, ಗುಡಿಯಲ್ಲಿ ಬೇರೆಬೇರೆಯಾಗಿ ನಡೆಯುತ್ತದೆ.

ಸಬ್ಬತ್ತಿನ ಬಗ್ಗೆ ಚಿಕ್ಕದಾಗಿ. ವಿಮೋಚನಕಾಂಡ 20 ಸೃಷ್ಟಿಯನ್ನು ಕಾರಣವಾಗಿ ಕೊಡುತ್ತದೆ, ಧರ್ಮೋಪದೇಶಕಾಂಡ 5 ಐಗುಪ್ತದ ಗುಲಾಮಗಿರಿಯನ್ನು. ಮೊದಲ ಕಾರಣ ಎಲ್ಲರಿಗೂ ಸಲ್ಲುತ್ತದೆ, ಎರಡನೆಯದು ಒಂದು ಜನಾಂಗದ ನೆನಪು. ಭಾನುವಾರ ಕೂಡುವ ರೂಢಿ ಎರಡನೇ ಶತಮಾನದ ಬರಹಗಳಲ್ಲೇ ಕಾಣುತ್ತದೆ. ಆದ್ದರಿಂದ ಅದನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಹುಟ್ಟಿಸಿದ ಎಂಬ ಪ್ರಚಾರ ತಪ್ಪು. 321ರಲ್ಲಿ ಅವನು ಮಾಡಿದ್ದು ನ್ಯಾಯಾಲಯಕ್ಕೂ ಪಟ್ಟಣದ ಕಸುಬುಗಳಿಗೂ ಆ ದಿನ ರಜೆ. ರೈತರಿಗೆ ದುಡಿಯಲು ಬಿಟ್ಟಿದ್ದ. ಸಬ್ಬತ್ತಿನ ಕಟ್ಟಳೆಯೇ ಭಾನುವಾರಕ್ಕೆ ಹಾರಿತು ಎಂದು ವೆಸ್ಟ್‌ಮಿನ್‌ಸ್ಟರಿನವರು ಹೇಳಿದರು. ಶನಿವಾರವೇ ಉಳಿದಿದೆ ಎಂದು ಅಡ್ವೆಂಟಿಸ್ಟ್ ಪಂಗಡದವರು ಹೇಳುತ್ತಾರೆ. ರೋಮಾಪುರ 14:5 ಮತ್ತು ಕೊಲೊಸ್ಸೆ 2:16 ಓದಿದರೆ ಪೌಲನು ಇಬ್ಬರಿಗಿಂತ ಸಡಿಲ ಎಂದೇ ನಮಗೆ ಕಾಣುತ್ತದೆ.

ಸಭಿಕರ ಪ್ರಶ್ನೆಗಳಿಗೆ ಬರುತ್ತೇನೆ.

ಹಂದಿ ಮಾಂಸ. ಯಾಜಕಕಾಂಡ 11ರ ನಿಯಮಕ್ಕೆ ಕೊಟ್ಟ ಕಾರಣವನ್ನು 20:24-26ರಲ್ಲಿ ನೋಡಿ: ನಿಮ್ಮನ್ನು ಇತರ ಜನಾಂಗಗಳಿಂದ ಪ್ರತ್ಯೇಕಿಸಿದ್ದೇನೆ. ಆರೋಗ್ಯದ ಮಾತು ಎಲ್ಲೂ ಇಲ್ಲ, ಅದು ನಂತರದವರು ಸೇರಿಸಿದ್ದು. ಇನ್ನೂ ಒಂದು ಸುಳಿವಿದೆ. ಧರ್ಮೋಪದೇಶಕಾಂಡ 14:21 ತಾನಾಗಿ ಸತ್ತ ಪ್ರಾಣಿಯನ್ನು ಇಸ್ರಾಯೇಲರು ತಿನ್ನಬಾರದು, ಊರಲ್ಲಿರುವ ಪರದೇಶಿಗೆ ಕೊಡಬಹುದು, ಅನ್ಯನಿಗೆ ಮಾರಬಹುದು ಎನ್ನುತ್ತದೆ. ಆಹಾರದ ನಿಯಮ ಎಲ್ಲರಿಗಲ್ಲ ಎಂದು ನಿಯಮವೇ ಹೇಳಿದಂತಾಯಿತು. ಮಾರ್ಕ 7:19 ಮತ್ತು ಕೃತ್ಯಗಳು 10ಕ್ಕೆ ಹೋಗುವ ಮುಂಚೆಯೇ ಇಷ್ಟು ಸಿಗುತ್ತದೆ. ಇಥಿಯೋಪಿಯದ ಪ್ರಾಚೀನ ಸಭೆ ಇಂದಿಗೂ ಹಂದಿ ತಿನ್ನುವುದಿಲ್ಲ. ತಿನ್ನದಿರುವುದಕ್ಕೆ ಯಾರ ಅಡ್ಡಿಯೂ ಇಲ್ಲ, ತಿಂದವನನ್ನು ಪಾಪಿ ಎನ್ನುವುದಕ್ಕಷ್ಟೇ ಅಡ್ಡಿ.

ದಶಮಾಂಶ. ಇದು ಹತ್ತು ಪರ್ಸೆಂಟಿನ ಸರಳ ಲೆಕ್ಕ ಅಲ್ಲವೇ ಅಲ್ಲ. ಬೆಳೆಯ ಹತ್ತನೇ ಪಾಲು ಲೇವಿಯರಿಗೆ (ಅರಣ್ಯಕಾಂಡ 18), ಅದರಲ್ಲಿ ಹತ್ತನೇ ಪಾಲನ್ನು ಲೇವಿಯರು ಯಾಜಕರಿಗೆ. ಉಳಿದ ತೊಂಬತ್ತರಲ್ಲಿ ಮತ್ತೊಂದು ಹತ್ತನೇ ಪಾಲು. ಏಳು ವರ್ಷದ ಸುತ್ತಿನಲ್ಲಿ 1, 2, 4, 5ನೇ ವರ್ಷ ಅದನ್ನು ರೈತನೇ ಯೆರೂಸಲೇಮಿಗೆ ಒಯ್ದು ಮನೆಮಂದಿಯೊಂದಿಗೆ ಉಣ್ಣಬೇಕು, 3 ಮತ್ತು 6ನೇ ವರ್ಷ ಬಡವರಿಗೆ. ಏಳನೆಯ ವರ್ಷ ಬೆಳೆಯೇ ಇಲ್ಲ, ಪಾಲೂ ಇಲ್ಲ. ನೂರು ಚೀಲಕ್ಕೆ ಎರಡೂ ಸೇರಿ 19 ಚೀಲ. ಬೆಳೆಗೆ ಮತ್ತು ಮಂದೆಗೆ ಹೇಳಿದ ನಿಯಮವಿದು, ಆ ನಾಡಿನ ನೆಲಕ್ಕೆ ಸಂಬಂಧಿಸಿದ್ದು. ಪಗಾರದ ಮಾತು ಇಲ್ಲ. ಅಬ್ರಹಾಮನು ಧರ್ಮಶಾಸ್ತ್ರಕ್ಕಿಂತ ಮುಂಚೆಯೇ ಹತ್ತನೇ ಪಾಲು ಕೊಟ್ಟ, ಆದ್ದರಿಂದ ಅದು ಶಾಶ್ವತ ಎಂಬ ವಾದವನ್ನು ಪ್ರಸಂಗಗಳಲ್ಲಿ ಕೇಳುತ್ತೀರಿ. ಅದು ನಿಲ್ಲುವುದಿಲ್ಲ. ಸುನ್ನತಿಯೂ ಅಬ್ರಹಾಮನ ಕಾಲದ್ದೇ, ಪ್ರಾಣಿಯಜ್ಞ ಅದಕ್ಕಿಂತ ಹಳೆಯದು, ಎರಡನ್ನೂ ಸಭೆ ಬಿಟ್ಟಿದೆ. ಅವನು ಕೊಟ್ಟದ್ದು ಯುದ್ಧದ ಕೊಳ್ಳೆಯಲ್ಲಿ, ಒಂದು ಸಲ. ಹೊಸ ಒಡಂಬಡಿಕೆಯ ಸೂಚನೆ 1 ಕೊರಿಂಥ 16:2 ಮತ್ತು 2 ಕೊರಿಂಥ 9:7ರಲ್ಲಿದೆ: ವಾರಕ್ಕೊಮ್ಮೆ ಎತ್ತಿಡು, ಆದಾಯಕ್ಕೆ ತಕ್ಕಂತೆ, ಬಲವಂತವಿಲ್ಲದೆ. ಹತ್ತು ಕೊಡುವ ಪದ್ಧತಿ ಒಳ್ಳೆಯದೇ. ಸಾಲ ಮಾಡಿ ಬಿತ್ತಿದವನಿಗೆ ಅದನ್ನು ಶಾಪದ ಬೆದರಿಕೆಯೊಂದಿಗೆ ಹೇಳುವುದು ಮಾತ್ರ ಸರಿಯಲ್ಲ.

ವಿಜಯಪುರದ ಕಡೆಯಿಂದ ಬಂದವರು ಕೇಳಿದ್ದು: "ಹಂಗಾದ್ರ ಹೊಲದ ಕಟ್ಟಳಿ ಒಂದೂ ನಮಗ ಉಪಯೋಗ ಇಲ್ಲೇನ್ರಿ?" ಜೋಳದ ನಡುವೆ ತೊಗರಿಯ ಅಕ್ಕಡಿ ಹಾಕುವುದಕ್ಕೆ ಅಡ್ಡಿಯಿಲ್ಲ. ಕಾಳಿನ ಮಿಶ್ರ ಬಿತ್ತನೆಯ ನಿಷೇಧವನ್ನು ರಬ್ಬಿಗಳೇ ಆ ನಾಡಿಗೆ ಸೀಮಿತಗೊಳಿಸಿದ್ದಾರೆ. ಕಟ್ಟಳೆಯಾಗಿ ಅಲ್ಲದಿದ್ದರೂ ಅದರ ಹಿಂದಿನ ನ್ಯಾಯಕ್ಕಾಗಿ ಎರಡನ್ನು ನೋಡಬಹುದು. ಒಂದು ಧರ್ಮೋಪದೇಶಕಾಂಡ 22:8: ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತ ಕುಂಬಿ ಕಟ್ಟಿಸು, ಯಾರಾದರೂ ಬಿದ್ದರೆ ಆ ಹೊಣೆ ನಿನ್ನ ಮನೆಗೆ ಬರಬಾರದು. ಮೈಮೊನಿದೆಸ್ ಕೊಟ್ಟ ಅಳತೆ ಹತ್ತು ಹಿಡಿ, ಎಂದರೆ ಮುಕ್ಕಾಲು ಮೀಟರಿಗೆ ಮೇಲೆ. ಒರಗಿದವನ ಭಾರ ತಡೆಯುವಷ್ಟು ಗಟ್ಟಿಯಿರಬೇಕು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮ ಊರುಗಳಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಬಡವರ ಪಾಲು. ಹೊಲದ ಮೂಲೆಯನ್ನು ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕು (ಯಾಜಕಕಾಂಡ 19:9-10). ಮೂಲ ಆಜ್ಞೆಗೆ ಅಳತೆಯಿಲ್ಲ. ಮಿಷ್ನಾ ಅರವತ್ತರಲ್ಲಿ ಒಂದಕ್ಕಿಂತ ಕಡಿಮೆ ಬಿಡಬೇಡಿ ಎಂದಿತು. ನಾಲ್ಕು ಎಕರೆಗೆ ಎರಡೂವರೆ ಗುಂಟೆಯ ಮೇಲೆ ಸ್ವಲ್ಪ. ಆ ಪಾಲನ್ನು ಮಾಲೀಕ ಕೊಯ್ದು ತನಗೆ ಬೇಕಾದವರಿಗೆ ಕೊಡುವ ಹಾಗಿಲ್ಲ, ಬಂದವರು ತಾವೇ ಕೊಯ್ದುಕೊಳ್ಳಬೇಕು. ಇದಕ್ಕೆ ಮಿಷ್ನಾ ಎರಡು ಕಡೆ ವಿನಾಯಿತಿ ಕೊಡುತ್ತದೆ: ಖರ್ಜೂರದ ಮರ ಮತ್ತು ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿ. ಅವನ್ನು ಮಾಲೀಕನೇ ಇಳಿಸಿ ಹಂಚಬೇಕು.